ಸಲಹೆಗಾರರನ್ನು ಇಟ್ಟುಕೊಂಡು ಎರಡು ವರ್ಷ: ಶಿರಸಿಯ ಉಪ್ಪಿನಕಾಯಿ ಘಟಕದ ಅನುಭವ

ಶಿರಸಿ ಹತ್ತಿರ ನಮ್ಮದೊಂದು ಸಣ್ಣ ಘಟಕ. ಅಪ್ಪೆಮಿಡಿ (ಎಳೆ ಮಾವಿನಕಾಯಿ) ಉಪ್ಪಿನಕಾಯಿ, ಮುರುಗಲು (ಕೋಕಂ) ಸಿರಪ್ ಮಾಡುತ್ತೇವೆ. ಒಂಬತ್ತು ಜನ ಕೆಲಸಕ್ಕಿದ್ದಾರೆ. ವ್ಯಾಪಾರ ಇತ್ತು, ಕೈಯಲ್ಲಿ ದುಡ್ಡು ನಿಲ್ಲುತ್ತಿರಲಿಲ್ಲ. ಪ್ರತಿ ವರ್ಷ ಒಂದೆರಡು ಡ್ರಮ್ ಮಿಡಿ ಕೆಟ್ಟು ಚೆಲ್ಲುತ್ತಿದ್ದೆವು.

ಮೊದಲು ಬಂದ ಸಲಹೆಗಾರರು ಎರಡು ದಿನ ಓಡಾಡಿ 60 ಪುಟದ ವರದಿ ಕೊಟ್ಟರು. ಬರೆದದ್ದು ತಪ್ಪಲ್ಲ. ಆದರೆ ಮಾಡಿಸುವವರು ಯಾರು? ಕೇಳಿದರೆ ಅದಕ್ಕೆ ಬೇರೆ ಫೀಸ್ ಅಂದರು. ಆ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಎರಡನೇ ಸಲ ಹುಷಾರಾದೆ. ಈಗಿನ ಸಲಹೆಗಾರರು ಹಿಂದೆ ಕೆಲಸ ಮಾಡಿಕೊಟ್ಟಿದ್ದ ಕುಮಟಾದ ಒಂದು ಅಂಗಡಿಗೆ ನಾನೇ ಹೋದೆ. "ಅವರು ಹೋದ ಮೇಲೂ ಸ್ಟಾಕ್ ಪುಸ್ತಕ ಬರೀತಿದ್ದೀರಾ?" ಎಂದೆ. ಅಂಗಡಿಯವರು ಅವತ್ತಿನ ಪುಟವನ್ನೇ ತೆಗೆದು ತೋರಿಸಿದರು. ನನಗೆ ಅಷ್ಟು ಸಾಕಾಯಿತು. ಒಂದೊಂದು ಬದಲಾವಣೆ ಜಾರಿಯಾದ ಮೇಲೆ ಒಂದೊಂದು ಕಂತು ಎಂದು ಮಾತಾಯಿತು.

ಮಾರ್ಚ್‌ನಲ್ಲಿ ಮಿಡಿ ಬರುವ ಹೊತ್ತಿಗೆ ಬೆಳಿಗ್ಗೆ ಏಳಕ್ಕೇ ಬಂದು ನಿಂತರು. ಪ್ರತಿ ಡ್ರಮ್ಮಿಗೂ ಚೀಟಿ: ಯಾರ ಮಿಡಿ, ಯಾವ ತಾರೀಕು, ಉಪ್ಪು ಎಷ್ಟು. ನಮ್ಮ ಹಿರಿಯ ಕೆಲಸದಾಕೆ ಸಿಟ್ಟಾದರು. "ಇಷ್ಟು ವರ್ಷ ಕೈಯಳತೆಯಲ್ಲೇ ಹಾಕಿದ್ದೇನೆ ತಮಾ, ಈಗ ಚೀಟಿ ಯಾಕೆ?" ಇವರು ವಾದಕ್ಕೆ ಇಳಿಯಲಿಲ್ಲ. "ನೀವು ಹಾಕಿ ಅಕ್ಕಾ, ನಾನು ತೂಗಿ ಬರ್ಕೊಳ್ತೇನೆ" ಅಂದರು. ಮೂರು ದಿನ ಹಾಗೇ ನಡೆಯಿತು. ನಾಲ್ಕನೇ ದಿನ ಆಕೆಯೇ ತಕ್ಕಡಿ ಕೇಳಿದರು.

ಆ ವರ್ಷ ಕೆಟ್ಟ ಡ್ರಮ್ಮಿನ ಚೀಟಿ ನೋಡಿದರೆ, ಅದು ಮರ ಅಲುಗಿಸಿ ಉದುರಿಸಿದ ಮಿಡಿ. ತೊಟ್ಟು ಮುರಿದರೆ ಸೊನೆ ಸೋರಿ ಮಿಡಿ ಬೇಗ ಮೆತ್ತಗಾಗುತ್ತದೆ. ಇದು ನಮಗೆ ಗೊತ್ತಿಲ್ಲದ್ದಲ್ಲ. ಯಾರ ಚೀಲದ್ದು ಅಂತ ಗೊತ್ತಿರಲಿಲ್ಲ, ಅಷ್ಟೇ. ಈಗ ತೊಟ್ಟಿರುವ ಮಿಡಿಗೆ ಜಾಸ್ತಿ ದರ ಕೊಡುತ್ತೇವೆ. ಕಳೆದ ಸೀಸನ್‌ನಲ್ಲಿ ಒಂದು ಡ್ರಮ್ಮೂ ಚೆಲ್ಲಲಿಲ್ಲ.

ಎಲ್ಲವೂ ಸರಿಹೋಯಿತು ಅನ್ನಲಾರೆ. ಲೆಕ್ಕಕ್ಕೆ ಕಂಪ್ಯೂಟರ್ ಹಾಕಿಸಿದರು. ಮಳೆಗಾಲದಲ್ಲಿ ಇಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಜುಲೈ ಪೂರ್ತಿ ಲೆಕ್ಕ ನಿಂತುಹೋಯಿತು. ಒಂದು ಮಳೆಗಾಲ ನೋಡಿ ಆಮೇಲೆ ಹೇಳಬೇಕಿತ್ತು, ಅಲ್ವಾ? ಹೇಳಿದ ಮೇಲೆ ಒಪ್ಪಿಕೊಂಡು ಪುಸ್ತಕಕ್ಕೇ ವಾಪಸ್ ತಂದರು. ಫೀಸ್ ನಮ್ಮಂಥವರಿಗೆ ಭಾರವೇ.

ಅಂಗಡಿಗಳ ಉದ್ರಿ ವಸೂಲಿ ಮಾತ್ರ ಇನ್ನೂ ಹಳಿಗೆ ಬಂದಿಲ್ಲ. ಅದು ಬರುವವರೆಗೆ ಕೊನೆಯ ಕಂತು ಕೊಡುವುದಿಲ್ಲ ಎಂದಿದ್ದೇನೆ. ಅವರೂ ಒಪ್ಪಿದ್ದಾರೆ. ಮುಂದಿನ ವಾರ ಇಬ್ಬರೂ ಸೇರಿ ಅಂಗಡಿ ಅಂಗಡಿಗೆ ಹೋಗುವವರಿದ್ದೇವೆ.