ಮೀಟರ್ ಗ್ಲಾಸಿನ ಗೀರುಗಳಿಗೆ ನೋವಸ್ ಪಾಲಿಶ್, ಹಾಕಿ ನೋಡಿದ್ ಮೇಲೆ

ಕಾರಿನ ಸ್ಪೀಡ್ ಮೀಟರ್ ಮುಂದೆ ಇರೋದನ್ನ ನಾವೆಲ್ಲಾ ಗ್ಲಾಸ್ ಗ್ಲಾಸ್ ಅಂತೀವಿ, ಆದ್ರೆ ಅದು ಗಾಜೇ ಅಲ್ಲ ಮಾರಾಯ್ರೆ, ಪ್ಲಾಸ್ಟಿಕ್. ಸಾಮಾನ್ಯವಾಗಿ ಅಕ್ರಿಲಿಕ್ ಇರುತ್ತೆ, ಇಲ್ಲಾಂದ್ರೆ ಪಾಲಿಕಾರ್ಬೊನೇಟ್. ಇದು ತಲೇಲಿ ಇಲ್ದೆ ನಾನು ವರ್ಷಗಟ್ಟಲೆ ಒಣ ಬಟ್ಟೆ, ಟಿಶ್ಯೂ, ಒಂದೊಂದ್ಸಲ ಅಂಗಿ ತೋಳು, ಕೈಗೆ ಏನ್ ಸಿಗುತ್ತೋ ಅದ್ರಲ್ಲೇ ಧೂಳು ಒರೆಸ್ಕೊಂಡು ಬಂದೆ. ಧೂಳಲ್ಲಿರೋ ಮರಳಿನ ಕಣ ಅಕ್ರಿಲಿಕ್‌ಗಿಂತ ತುಂಬಾನೇ ಗಟ್ಟಿ, ಅದನ್ನ ಒಣಗಿದ್ದಂಗೇ ಒರೆಸಿದ್ರೆ ಎಮರಿ ಪೇಪರ್ ಹಾಕಿ ಉಜ್ಜಿದಂಗೇ ಲೆಕ್ಕ.

ಹಗಲು ಹೊತ್ತು ಏನೂ ಕಾಣ್ತಿರ್ಲಿಲ್ಲ. ಸಂಜೆ ಬಿಸಿಲು ಹಿಂದಿನ ಗ್ಲಾಸಿಂದ ಓರೆಯಾಗಿ ಬಂದು ಮೀಟರ್ ಮೇಲೆ ಬಿತ್ತು ಅಂದ್ರೆ ಮುಗೀತು, ಜೇಡರ ಬಲೆ ಕಟ್ಟಿದಂಗೆ ಸುತ್ತು ಸುತ್ತು ಗೆರೆ, ಸ್ಪೀಡ್ ಎಷ್ಟಿದೆ ಅಂತ ನೋಡೋಕೆ ತಲೆ ಬಗ್ಗಿಸ್ಬೇಕಿತ್ತು. ಆ ಗೆರೆಗಳು ನಿಜವಾಗ್ಲೂ ಸುತ್ತಲೂ ಇರೋದಿಲ್ವಂತೆ, ಎಲ್ಲಾ ದಿಕ್ಕಿಗೂ ಇರುತ್ವೆ, ಬೆಳಕಿಗೆ ಅಡ್ಡವಾಗಿರೋವು ಮಾತ್ರ ಮಿನುಗೋದ್ರಿಂದ ನಮ್ಗೆ ಚಕ್ರದ ತರ ಕಾಣೋದು. ತಲೆ ಆಕಡೆ ಈಕಡೆ ಮಾಡಿ ನೋಡಿ, ಚಕ್ರಾನೂ ಜೊತೆಗೇ ಸರಿಯುತ್ತೆ. ಇದ್ರ ಜೊತೆಗೆ 80 ಮತ್ತೆ 100ರ ಮಧ್ಯೆ ಒಂದು ಆಳವಾದ ಗೀರು ಬೇರೆ, ಸ್ಟೀರಿಯೋ ಬಿಚ್ಚುವಾಗ ನನ್ನ ಕೈಯಿಂದ್ಲೇ ಸ್ಕ್ರೂಡ್ರೈವರ್ ಜಾರಿ ಆಗಿದ್ದು.

ಮೊದ್ಲು ಮಾಡಿದ ಪೆದ್ದತನ ಟೂತ್‌ಪೇಸ್ಟ್. ಎಲ್ಲೆಲ್ಲೋ ಓದಿ ಬಿಳಿ ಪೇಸ್ಟ್ ಹಚ್ಚಿ ಚೆನ್ನಾಗಿ ಉಜ್ಜಿದೆ. ಗೀರೇನೋ ಕಮ್ಮಿ ಆದಂಗೆ ಕಾಣ್ತು, ಒಣಗಿದ ಮೇಲೆ ನೋಡಿದ್ರೆ ಆ ಜಾಗ ಪೂರ್ತಿ ಮಂಜು ಹಿಡ್ದಂಗೆ ಆಗಿತ್ತು. ಗಣಪತಿ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದ ಕತೆ. ಪೇಸ್ಟಲ್ಲಿ ಉಜ್ಜೋ ಪುಡಿ ಇರೋದು ನಿಜ, ಆದ್ರೆ ಅದು ಹಲ್ಲಿಗೆ ಅಂತ ಹಾಕಿದ್ದು, ಪಾರದರ್ಶಕ ಪ್ಲಾಸ್ಟಿಕ್‌ಗೆ ಅಂತ ಅಲ್ವಲ್ಲ.

ಆಮೇಲೆ ತರಿಸಿದ್ದು ನೋವಸ್. ಮೂರು ಬಾಟ್ಲಿ ಸೆಟ್ಟು. 1 ಬರೀ ಕ್ಲೀನ್ ಮಾಡಿ ಹೊಳಪು ಕೊಡೋಕೆ, 2 ಸಣ್ಣ ಗೀರಿಗೆ, 3 ದೊಡ್ಡ ಗೀರಿಗೆ. 3 ಹಾಕಿದ್ರೆ ಕಡ್ಡಾಯವಾಗಿ ಅದರ ಹಿಂದೆ 2, ಆಮೇಲೆ 1 ಹಾಕ್ಲೇಬೇಕು, ಮಧ್ಯದಲ್ಲಿ ನಿಲ್ಲಿಸಿದ್ರೆ ಮಸುಕಾಗೇ ಉಳಿಯುತ್ತೆ. ಇದು ಗೀರನ್ನ ತುಂಬಿಸೋ ಸಾಮಾನಲ್ಲ, ಗೀರಿನ ಅಕ್ಕಪಕ್ಕದ ಪ್ಲಾಸ್ಟಿಕ್‌ನ ಒಂಚೂರೇ ಸವೆಸಿ ಮಟ್ಟ ಮಾಡೋದು. ಅದಕ್ಕೇ ಮೊದ್ಲು ಉಗುರು ಎಳೆದು ನೋಡ್ಕೊಳ್ಳಿ. ಉಗುರಿಗೆ ಸಿಗದ ಗೀರು ಹೋಗುತ್ತೆ, ಸಿಕ್ಕೋ ಗೀರು ಪೂರ್ತಿ ಹೋಗಲ್ಲ.

ಕೆಲಸ ಮಾಡಿದ್ದು ಹೀಗೆ. ಗಾಡಿ ಆಫ್ ಮಾಡಿ, ಸ್ಟೀರಿಂಗ್ ಎಷ್ಟು ಕೆಳಗೆ ಬರುತ್ತೋ ಅಷ್ಟು ಇಳಿಸ್ದೆ. ಮೊದ್ಲು ಒದ್ದೆ ಮೈಕ್ರೋಫೈಬರ್ ಬಟ್ಟೇಲಿ, ಒತ್ತದೆ, ಧೂಳೆಲ್ಲ ಎತ್ತಿದೆ, ಇದೊಂದು ಬಿಟ್ರೆ ಪಾಲಿಶ್ ಜೊತೆಗೇ ಮರಳೂ ಉಜ್ಜಿದಂಗಾಗುತ್ತೆ. ಸುತ್ತಲಿರೋ ಕಪ್ಪು ಪ್ಲಾಸ್ಟಿಕ್‌ಗೆ ಮಾಸ್ಕಿಂಗ್ ಟೇಪ್ ಹಚ್ಚಿದೆ, ಒಂದು ಮೂಲೆ ಬಿಟ್ಟು, ಆ ಮೂಲೆ ಕತೆ ಮುಂದಿದೆ. ಬಾಟ್ಲಿ ಚೆನ್ನಾಗಿ ಅಲ್ಲಾಡಿಸಿ 2ನ್ನ ಬಟ್ಟೆಗೇ ಹಾಕ್ಕೊಂಡೆ, ಬಟಾಣಿ ಕಾಳಿನಷ್ಟು ಸಾಕು. ನೇರವಾಗಿ ಮೀಟರ್ ಮೇಲೆ ಸುರಿಯೋಕೆ ಹೋಗ್ಬೇಡಿ, ಓಡಿದ ಕಿಲೋಮೀಟರ್ ಲೆಕ್ಕ ಸೊನ್ನೆ ಮಾಡೋ ಟ್ರಿಪ್ ಬಟನ್ ಕಡ್ಡಿ ಹೊರಗೆ ಬರೋ ತೂತಿದೆಯಲ್ಲ, ಅಲ್ಲಿಂದ ಒಳಗೆ ಇಳಿದ್ರೆ ಡಯಲ್ ಮೇಲೇ ಕಲೆ, ಆಮೇಲೆ ಇಡೀ ಮೀಟರ್ ಬಿಚ್ಚೋ ಪಾಡು.

ಬೆರಳ ತುದೀಲಿ ಸಣ್ಣ ಸಣ್ಣ ಜಾಗ ಹಿಡಿದು ಹಿಂದೆ ಮುಂದೆ ಉಜ್ಜಿದೆ. ಮೊದ್ಲು ಹಾಲಿನ ತರ ಬೆಳ್ಳಗೆ ಹರಡಿತ್ತು, ಉಜ್ತಾ ಉಜ್ತಾ ತೆಳು ಪೊರೆಯಾಗಿ ಒಣಗ್ತಾ ಬಂತು, ಆಗ ಬಟ್ಟೆಯ ಇನ್ನೊಂದು ಕಡೆಯಿಂದ ಒರೆಸಿದ್ರೆ ಕೆಳಗಿಂದ 60 ಅನ್ನೋ ಅಂಕಿ ಹೊಸದಾಗಿ ಅಚ್ಚು ಹಾಕಿದಂಗೆ ಎದ್ದು ಬಂತು ನೋಡಿ, ಅಷ್ಟೊತ್ತಿಗೆ ಬೆನ್ನು ಹಿಡ್ಕೊಂಡಿದ್ರೂ ಖುಷಿ ಆಗೋಯ್ತು. ಒಂದೇ ಸಲಕ್ಕೆ ಆಗಲ್ಲ, ನನಗೆ ಮೂರು ಸುತ್ತು ಬೇಕಾಯ್ತು, ಟೂತ್‌ಪೇಸ್ಟ್ ಮಂಜು ಇದ್ದ ಕಡೆ ನಾಲ್ಕು. ಡ್ರಿಲ್ಲಿಗೆ ಪ್ಯಾಡ್ ಸಿಕ್ಕಿಸಿ ಬೇಗ ಮುಗಿಸೋಣ ಅನ್ನಿಸ್ತು, ಕೈ ತಡೀತು, ಅಕ್ರಿಲಿಕ್ 100 ಡಿಗ್ರಿ ಆಸುಪಾಸಲ್ಲೇ ಮೆತ್ತಗಾಗುತ್ತೆ, ಒಂದೇ ಕಡೆ ತಿರುಗಿಸ್ತಾ ನಿಂತ್ರೆ ಗೀರಿನ ಬದಲು ಹಳ್ಳ ಬೀಳುತ್ತೆ.

ಒಂದು ತಮಾಷೆ ಅಂದ್ರೆ ಗಾಡಿ ಆಫ್ ಇದ್ರೂ ಉಜ್ಜುವಾಗ ಪೆಟ್ರೋಲ್ ಮುಳ್ಳು ಸ್ವಲ್ಪ ಮೇಲೆದ್ದು ನಿಂತುಬಿಡ್ತು. ಎಂತದೋ ಕೆಟ್ಟೋಯ್ತು ಅಂತ ಎದೆ ಧಸಕ್ ಅಂತು. ಏನಿಲ್ಲ, ಉಜ್ಜಿದ್ದಕ್ಕೆ ಪ್ಲಾಸ್ಟಿಕ್ ಮೇಲೆ ಸ್ಟಾಟಿಕ್ ಕರೆಂಟ್ ಕೂತಿತ್ತು ಅಷ್ಟೇ. 1 ಹಾಕಿ ಒರೆಸಿದ್ ಮೇಲೆ ಇಳೀತು, ಧೂಳು ಅಂಟೋದೂ ಮೊದಲಿಗಿಂತ ಕಮ್ಮಿ.

ಸ್ಕ್ರೂಡ್ರೈವರ್ ಗೀರಿಗೆ 3 ಹಾಕ್ದೆ. ಅಂಚುಗಳು ದುಂಡಗಾಗಿ ಮಿನುಗೋದು ನಿಂತಿದೆ, ಗೀರು ಇದೆ. 2000 ನಂಬರ್ ವಾಟರ್ ಪೇಪರ್‌ನಲ್ಲಿ, ಅಂದ್ರೆ ನೀರು ಹಾಕಿ ಉಜ್ಜೋ ತೀರಾ ನಯವಾದ ಎಮರಿ ಪೇಪರ್‌ನಲ್ಲಿ, ಉಜ್ಜಿ ತೆಗೀಬಹುದಿತ್ತು, ಆದ್ರೆ ಅಲ್ಲೊಂದೇ ಕಡೆ ಸವೆಸಿದ್ರೆ ಕೆಳಗಿನ ಅಂಕಿ ಸೊಟ್ಟಗೆ ಕಾಣೋ ಅಪಾಯ ಇದೆ, ಬಿಟ್ಟೆ.

ಇನ್ನು ಆ ಮೂಲೆ. ಟೇಪ್ ಹಚ್ಚದ ಕಡೆ ಪಾಲಿಶ್ ಬಟ್ಟೆ ಮ್ಯಾಟ್ ಫಿನಿಶ್ ಕಪ್ಪು ಪ್ಲಾಸ್ಟಿಕ್‌ಗೆ ತಾಗಿ ಉಗುರಿನಷ್ಟು ಜಾಗ ಪಳಪಳ ಹೊಳೀತಿದೆ, ಮ್ಯಾಟ್ ಹೋದ್ರೆ ಹೋಯ್ತು, ವಾಪಸ್ ಬರಲ್ಲ. ಇದು ಬಾಟ್ಲಿ ತಪ್ಪಲ್ಲ, ನನ್ನ ಸೋಮಾರಿತನ. ಇದೇ ಕಾರಣಕ್ಕೆ ಮೀಟರ್ ಗ್ಲಾಸೇ ಮ್ಯಾಟ್ ಇರೋ ಗಾಡಿಗಳಿಗೆ, ಕೋಟಿಂಗ್ ಇರೋ ಡಿಜಿಟಲ್ ಸ್ಕ್ರೀನಿಗೆ ಇದನ್ನ ಮುಟ್ಟಿಸ್ಬೇಡಿ. ಅಮೋನಿಯಾ ಇರೋ ಗ್ಲಾಸ್ ಕ್ಲೀನರ್, ಸ್ಪಿರಿಟ್ಟು ಅಂತೂ ಹತ್ರಾನೂ ತರ್ಬೇಡಿ, ಅಕ್ರಿಲಿಕ್ ಒಳಗೇ ಕೂದಲೆಳೆ ಬಿರುಕು ಬಿಡುತ್ತೆ, ಅದಕ್ಕೆ ಯಾವ ಪಾಲಿಶೂ ಇಲ್ಲ.

ಕಿರಿಕಿರಿ ಅಂದ್ರೆ ಒಂದೇ, ಟ್ರಿಪ್ ಬಟನ್ ಸುತ್ತ, ಅಂಚಿನ ಸಂದೀಲಿ ಬಿಳಿ ಪುಡಿ ಒಣಗಿ ಕೂತ್ಕೊಳ್ಳುತ್ತೆ, ಇಯರ್ ಬಡ್ ಒದ್ದೆ ಮಾಡಿ ತೆಗೆಯೋಷ್ಟ್ರಲ್ಲಿ ಸಾಕಾಯ್ತು. ಐದಕ್ಕೆ ನಾಲ್ಕೂವರೆ ಕೊಡ್ತೀನಿ. ಬಾಟ್ಲಿಗಳು ಇನ್ನೂ ಮುಕ್ಕಾಲು ತುಂಬಿವೆ, ಮುಂದಿನ ಭಾನುವಾರ ಮಂಕಾಗಿರೋ ಟೈಲ್ ಲ್ಯಾಂಪ್ ಸರದಿ, ಈ ಸಲ ನಾಲ್ಕೂ ಕಡೆ ಟೇಪ್ ಹಚ್ಚಿ.