ಟೇಲ್‌ಗೇಟ್ ತಗೊಳ್ಳೋರೇ, ಕೆಳಗಿನ ಅಂಚಿಗೆ ಅಯಸ್ಕಾಂತ ಇಡದೆ ದುಡ್ಡು ಕೊಡಬೇಡಿ

ಪುಟ್ಟಿ ಮೆತ್ತಿ, ಮೇಲೆ ಕಪ್ಪು ಪ್ರೈಮರ್ ಹೊಡೆದ ಪಿಕಪ್ ಟೇಲ್‌ಗೇಟನ್ನ (ಲೋಡ್ ಬಾಡಿಯ ಹಿಂಬಾಗಿಲು, ನಮ್ಮ ಮಾತಲ್ಲಿ ಡೋರ್) "ಒರಿಜಿನಲ್ ಸಾರ್, ಒಂದು ಡೆಂಟ್ ಇಲ್ಲ" ಅಂತ ಮಾರ್ತಿದ್ದಾರೆ. ನಮಗೂ ಮಾರಿದ್ರು. ಟಿಂಕರ್ ಕೆಲಸ ಗೊತ್ತಿರೋರ ತಲೆಗೇ ಟೋಪಿ ಹಾಕ್ತಾರೆ ಅಂದ್ಮೇಲೆ ಬರೀ ಗಾಡಿ ಓಡಿಸೋರ ಗತಿ ಏನು? ಹೇಳ್ಕೊಳ್ಳೋಕೆ ನಾಚಿಕೆ ಆಗುತ್ತೆ, ಆದ್ರೂ ಹೇಳ್ತೀನಿ. ಇನ್ನೊಬ್ಬರು ಆ ತಗಡಿಗೆ ದುಡ್ಡು ಸುರಿಯೋದು ಬೇಡ.

ಎಷ್ಟೋ ಸಲ ಡೋರ್ ಬದಲಾಯಿಸೋ ಅಗತ್ಯವೇ ಇರಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ಹ್ಯಾಂಡಲ್ ಎತ್ತಿದ್ರೆ ಸಡಿಲವಾಗಿ ಮೇಲೆ ಬರುತ್ತೆ, ಬಾಗಿಲು ಮಾತ್ರ ತೆರೆಯಲ್ಲ ಅಂದ್ರೆ ಬಹುಪಾಲು ರಾಡ್ ತುದಿಯ ಪ್ಲಾಸ್ಟಿಕ್ ಕ್ಲಿಪ್ ಮುರಿದಿರುತ್ತೆ. ಹ್ಯಾಂಡಲ್‌ನಿಂದ ಎಡಕ್ಕೊಂದು, ಬಲಕ್ಕೊಂದು ರಾಡ್ ಹೋಗಿ ಎರಡು ತುದಿಯ ಲಾಚ್‌ಗಳನ್ನ (ಬಾಗಿಲನ್ನ ಕಚ್ಚಿ ಹಿಡಿಯೋ ಕೊಂಡಿ) ಎಳೆಯುತ್ತೆ. ಒಂದು ಕ್ಲಿಪ್ ಹೋದ್ರೆ ಒಂದು ಕಡೆ ಬಿಡುತ್ತೆ, ಇನ್ನೊಂದು ಕಡೆ ಕಚ್ಚಿಕೊಂಡೇ ಇರುತ್ತೆ. ಆ ಚೂರು ಕ್ಲಿಪ್‌ಗೆ "ಇಡೀ ಡೋರೇ ಹೋಗಿದೆ" ಅನ್ನೋ ಗ್ಯಾರೇಜುಗಳೂ ಇವೆ. ಹೊರಗಿನ ಶೀಟ್ ಮಾತ್ರ ಒಳಗೆ ಹೋಗಿದ್ರೂ ಎಳೆದು ಸರಿ ಮಾಡಬಹುದು. ಒಳಗಿನ ಪ್ಯಾನೆಲ್, ಅದರಲ್ಲೂ ಲಾಚ್ ಕೂರೋ ಮೂಲೆ ಮಡಚಿದ್ರೆ ಮಾತ್ರ ಬೇರೆ ಡೋರ್ ಹುಡುಕಬೇಕು. ಅಲ್ಲಿ 3–4 ಮಿ.ಮೀ. ಆಚೀಚೆ ಆದ್ರೂ ಲಾಚ್ ಬಾಯಿಗೆ ಸ್ಟ್ರೈಕರ್ (ಬಾಡಿಗೆ ಬಿಗಿದಿರೋ, ಲಾಚ್ ಕಚ್ಚಿಕೊಳ್ಳೋ ಕಡ್ಡಿ) ಸರಿಯಾಗಿ ಸಿಗಲ್ಲ. ಹಾಕಿದ ಹಾಗೆ ಕಾಣುತ್ತೆ, ಗಾಡಿ ಗುಂಡಿಗೆ ಬಿದ್ದಾಗ ಬಿಚ್ಚಿಕೊಳ್ಳುತ್ತೆ. ನಾವು ಡೋರ್ ಹುಡುಕಿದ ಗಾಡಿದು ಅದೇ ಕೇಸ್. ರಿವರ್ಸ್‌ನಲ್ಲಿ ಕಂಬಕ್ಕೆ ತಾಗಿ ಬಲ ಮೂಲೆ ಮುದುರಿತ್ತು, ಬೇರೆ ದಾರಿ ಇರಲಿಲ್ಲ.

ಗುಜರಿ ಪಾರ್ಟ್ ಮಾರೋರ ಹತ್ರ ಸೆಕೆಂಡ್ ಹ್ಯಾಂಡ್ ಡೋರ್ ಕೇಳಿದ್ವಿ. ಪದ್ಧತಿ ಎಲ್ಲರಿಗೂ ಗೊತ್ತಿರೋದೇ: ನಾವು ಚಾಸಿ ನಂಬರ್ ಕಳಿಸಬೇಕು, ಅವರು ಪಾರ್ಟ್ ನಂಬರ್ ತಾಳೆ ನೋಡಿ ಹೇಳಬೇಕು. ಕಳಿಸಿದ ಕೂಡಲೇ "ಪಕ್ಕಾ ಮ್ಯಾಚ್ ಸಾರ್, ಫುಲ್ ಸೆಟ್ ಇದೆ" ಅಂತ ಉತ್ತರ ಬಂತು. ಆಮೇಲೆ ಬಿಲ್ ನೋಡಿದ್ರೆ ಚಾಸಿ ನಂಬರಲ್ಲಿ ಸೊನ್ನೆ ಇರಬೇಕಾದ ಕಡೆ 'ಓ' ಅಕ್ಷರ! 17 ಅಂಕಿ-ಅಕ್ಷರದ ಚಾಸಿ ನಂಬರಲ್ಲಿ 'ಐ', 'ಓ', 'ಕ್ಯೂ' ಬರೋದೇ ಇಲ್ಲ, ಒಂದು ಮತ್ತು ಸೊನ್ನೆ ಜೊತೆ ಗೊಂದಲ ಆಗದಿರಲಿ ಅಂತಲೇ ಅವನ್ನ ಬಿಟ್ಟಿರೋದು. ಅಂದ್ರೆ ಈ ಮಹಾಶಯರು ಯಾವ ಕ್ಯಾಟಲಾಗ್‌ಗೂ ಹಾಕಿ ನೋಡೇ ಇಲ್ಲ. ಸುಮ್ನೆ "ಮ್ಯಾಚ್" ಅಂದಿದ್ದಾರೆ.

ಫೋಟೋಗಳ ವಿಷಯ. ಎಲ್ಲ ಹೊರಗಿನ ಕಡೆಯಿಂದ, ಸ್ವಲ್ಪ ಮೇಲಿನಿಂದ ತೆಗೆದದ್ದು. ಒಳಮುಖದ್ದು ಒಂದೂ ಇಲ್ಲ, ಕೆಳಗಿನ ಅಂಚಿನದು ಒಂದೂ ಇಲ್ಲ. ಕೇಳಿದ್ದಕ್ಕೆ "ಗೋಡೌನಲ್ಲಿ ಮಾಲು ಮೇಲೆ ಮಾಲು ಬಿದ್ದಿದೆ ಸಾರ್, ತಿರುಗಿಸೋಕೆ ಆಗಲ್ಲ, ನಂಬಿ." ಡೋರ್ ಬಂದಾಗ ಮೊದಲು ಕಣ್ಣಿಗೆ ಬಿದ್ದದ್ದು ಪ್ರೈಮರ್. ಹಳೇ ಡೋರ್‌ಗೆ ಅದರದ್ದೇ ಕಂಪನಿ ಬಣ್ಣ ಇರಬೇಕು ತಾನೆ? ಕೆಂಪೋ ಬಿಳಿಯೋ ಏನಾದ್ರೂ ಸರಿ. ಗುಜರಿಯಿಂದ ಬಿಚ್ಚಿದ ಡೋರ್‌ಗೆ ಹೊಸ ಪ್ರೈಮರ್ ಯಾಕೆ? "ತುಕ್ಕು ಹಿಡೀಬಾರದು ಅಂತ ನಾವೇ ಸರ್ವಿಸ್ ಕೊಟ್ಟಿದ್ದೀವಿ" ಅಂದ್ರು. ಸರ್ವಿಸ್ ಅಂತೆ!

ಅಯಸ್ಕಾಂತ ತಗೊಂಡು ಮೇಲಿನ ಅಂಚಿಗೆ ಇಟ್ರೆ ಟಕ್ ಅಂತ ಹಿಡ್ಕೊಳ್ತು. ನಡುವೆಯೂ ಹಿಡ್ಕೊಳ್ತು. ಹಾಗೇ ಜಾರಿಸ್ತಾ ಕೆಳಗೆ ಬಂದ್ರೆ, ಕೆಳ ಅಂಚಿಗೆ ನಾಲ್ಕು ಬೆರಳು ಇರೋವಾಗ ಹಿಡಿತ ಸಡಿಲ ಆಯ್ತು. ಎಡ ಮೂಲೆಗೆ ಬರೋ ಹೊತ್ತಿಗೆ ಕೈಬಿಟ್ಟರೆ ಬಿದ್ದೇ ಹೋಯ್ತು. ಬೆರಳಲ್ಲಿ ತಟ್ಟಿದ್ರೆ ತಗಡಿನ ಸದ್ದಿಲ್ಲ, ಒದ್ದೆ ಗೋಡೆ ತಟ್ಟಿದ ಹಾಗೆ ಮೊಂಡು ಸದ್ದು. ಆಗ್ಲೇ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಬಣ್ಣದ ದಪ್ಪ ಅಳೆಯೋ ಗೇಜ್ ಇಟ್ರೆ ಅಂಕಿ 1,000 ಮೈಕ್ರಾನ್ (ಅಂದ್ರೆ 1 ಮಿ.ಮೀ.) ದಾಟಿ ಹೋಯ್ತು. ಕಂಪನಿ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಆಸುಪಾಸು ಇರುತ್ತೆ, ಮೇಲೆ ಇನ್ನೊಂದು ಸಲ ಪೇಂಟ್ ಹೊಡೆದಿದ್ರೆ 200–300. ಅದಕ್ಕಿಂತ ಮೇಲೆ ಸಾವಿರ ಅಂದ್ರೆ ಅದು ಪೇಂಟ್ ಅಲ್ಲ, ಪುಟ್ಟಿ. ಗೇಜ್ ಇಲ್ದಿದ್ರೂ ಪರವಾಗಿಲ್ಲ, ಅಯಸ್ಕಾಂತ ಸಾಕು, ಪುಟ್ಟಿ ದಪ್ಪ ಇದ್ದ ಕಡೆ ಅದು ಹಿಡಿಯಲ್ಲ. ಆದ್ರೆ ಅಲ್ಯೂಮಿನಿಯಂ ಬಾಡಿ ಗಾಡಿಗಳಿಗೆ (2015ರಿಂದ ಬಂದ ಫೋರ್ಡ್ ಎಫ್-150 ಅಂಥದ್ದು) ಅಯಸ್ಕಾಂತ ಎಲ್ಲೂ ಹಿಡಿಯಲ್ಲ, ಅದಕ್ಕೆ ಗೇಜೇ ಬೇಕು, ಅದೂ ಅಲ್ಯೂಮಿನಿಯಂ ಅಳೆಯೋ ಗೇಜ್.

ಪುಟ್ಟಿ ಇದ್ರೆ ಏನಾಯ್ತು ಅಂತೀರಾ? ಎಲ್ಲಿ ಹಾಕಿದ್ದಾರೆ ಅನ್ನೋದು ಮುಖ್ಯ. ಹೊರಗಿನ ಶೀಟ್‌ನ ಅಂಚನ್ನ ಒಳಗಿನ ಪ್ಯಾನೆಲ್ ಮೇಲೆ ಮಡಚಿ ಒತ್ತಿರ್ತಾರೆ. ಕೆಳಗಿನ ಮಡಿಕೆಯಲ್ಲೇ ನೀರು ನಿಲ್ಲೋದು, ತುಕ್ಕು ಶುರು ಆಗೋದೂ ಅಲ್ಲೇ. ನೀರು ಇಳಿಯೋಕೆ ಅಂತ ಕೆಳಗೆ ತೂತುಗಳಿರುತ್ತೆ. ಇವರು ತುಕ್ಕನ್ನ ಕತ್ತರಿಸಿ ತಗಡು ಬೆಸೆದಿದ್ರೆ ಸರಿ, ಒಪ್ಕೋಬಹುದಿತ್ತು. ತುಕ್ಕಿನ ಮೇಲೇ ಪುಟ್ಟಿ ಮೆತ್ತಿ, ನೀರಿನ ತೂತನ್ನೂ ಅದರಲ್ಲೇ ಮುಚ್ಚಿದ್ದಾರೆ. ಪುಟ್ಟಿ 3 ಮಿ.ಮೀ. ಮೀರಬಾರದು ಅನ್ನೋದು ಯಾವ ಪೇಂಟರ್‌ಗೂ ಗೊತ್ತು, ಅದೂ ತುಕ್ಕಿಲ್ಲದ ಶುದ್ಧ ತಗಡಿನ ಮೇಲೆ. ದಿನಕ್ಕೆ ಹತ್ತು ಸಲ ಧಡ್ ಅಂತ ಮುಚ್ಚೋ ಬಾಗಿಲಲ್ಲಿ ದಪ್ಪ ಪುಟ್ಟಿ ನಿಲ್ಲಲ್ಲ. ಬಿರುಕು ಬಿಡುತ್ತೆ, ಬಿರುಕಲ್ಲಿ ನೀರು ಹೋಗುತ್ತೆ, ಒಳಗೇ ಕೊಳೆಯುತ್ತೆ.

ಒಳಗಿನ ಕವರ್ ಬಿಚ್ಚಿದ್ವಿ. ಇನ್ನೂ ಇತ್ತು ನೋಡಿ.

ಹೊರಗಿನ ಶೀಟ್‌ನ ಹಿಂಭಾಗದಲ್ಲಿ ಸುತ್ತಿಗೆ ಏಟಿನ ಗುರುತು, ಡೆಂಟ್ ತೆಗೆಯೋಕೆ ಸ್ಟಡ್ (ಮೊಳೆಯಂಥ ಕಡ್ಡಿ) ಬೆಸೆದು ಎಳೆದ ಸುಟ್ಟ ಚುಕ್ಕೆಗಳ ಸಾಲು. ಒಂದು ತೂತಿನಿಂದ ಪುಟ್ಟಿ ಹಿಂದಕ್ಕೆ ಹುಳುವಿನ ಹಾಗೆ ಹೊರಬಂದು ಒಣಗಿದೆ. "ಒಂದು ಡೆಂಟ್ ಇಲ್ಲ" ಅಂದಿದ್ರಲ್ಲ, ಅದೇ ಡೋರ್. ಬಲಗಡೆ ರಾಡ್‌ಗೆ ಕ್ಲಿಪ್ಪೇ ಇಲ್ಲ, ಬೈಂಡಿಂಗ್ ವೈರ್ ಸುತ್ತಿ ಕಟ್ಟಿದ್ದಾರೆ. ಎಡಗಡೆ ರಾಡ್ ಈ ಮಾಡೆಲ್‌ದೇ ಅಲ್ಲ, ಉದ್ದ ಜಾಸ್ತಿ, ಅದನ್ನ ನಡುವೆ ಬಗ್ಗಿಸಿ ಗಿಡ್ಡ ಮಾಡಿದ್ದಾರೆ. ಬಗ್ಗಿದ ರಾಡ್ ಎಳೆದ್ರೆ ಏನಾಗುತ್ತೆ? ಮೊದಲು ಬಾಗು ನೇರ ಆಗುತ್ತೆ, ಆಮೇಲೆ ಲಾಚ್ ಎಳೆಯುತ್ತೆ. ಅಷ್ಟರಲ್ಲಿ ಹ್ಯಾಂಡಲ್ ಎತ್ತೋ ದೂರವೇ ಮುಗಿದುಹೋಗಿರುತ್ತೆ. ಲಾಕ್ ಸಿಲಿಂಡರ್ ಜಾಗದಲ್ಲಿ ಖಾಲಿ ತೂತು. ಕ್ಯಾಮೆರಾಗೆ ಬೇಕಾದ ಕಿಂಡಿ ಇಲ್ಲ, ಅಂದ್ರೆ ಇದು ಕ್ಯಾಮೆರಾ ಇಲ್ಲದ ವೇರಿಯಂಟ್‌ದು. ತೆರೆದ ಬಾಗಿಲನ್ನ ಹಿಡಿದು ನಿಲ್ಲಿಸೋ ಕೇಬಲ್ ಎರಡೂ ಇಲ್ಲ.

ಫೋನ್ ಮಾಡಿದ್ದಕ್ಕೆ ಬಂದ ಮಾತುಗಳನ್ನ ಇದ್ದ ಹಾಗೇ ಬರೀತೀನಿ, ಯಾಕಂದ್ರೆ ನಿಮಗೂ ಇದೇ ಮಾತು ಬರುತ್ತೆ.

"ಪುಟ್ಟಿ ಅಲ್ಲ ಸಾರ್, ಅದು ಕಂಪನಿ ಸೀಲರ್." ಕಂಪನಿ ಸೀಲರ್ ಮಡಿಕೆಯ ಗೆರೆ ಉದ್ದಕ್ಕೂ ತೆಳ್ಳಗೆ ಇರುತ್ತೆ ಸ್ವಾಮಿ, ಅಂಗೈ ಅಗಲ ಇರಲ್ಲ ಅಂದೆ.

"ಫುಲ್ ಸೆಟ್ ಅಂದ್ರೆ ಡೋರ್ ಫುಲ್ ಅಂತ. ಕೇಬಲ್ ಯಾರೂ ಕೊಡಲ್ಲ." ಚಾಟ್‌ನಲ್ಲಿ "ಕೇಬಲ್, ಲಾಕ್ ಸಮೇತ" ಅಂತ ಅವರೇ ಬರೆದದ್ದು ಕಳಿಸಿದೆ. ಓದಿದ್ರು, ಉತ್ತರ ಇಲ್ಲ. ಆಮೇಲೆ ಆ ಮೆಸೇಜೇ ಡಿಲೀಟ್!

"ನಿಮ್ಮ ಮೆಕ್ಯಾನಿಕ್‌ಗೆ ಕೆಲಸ ಬರಲ್ಲ. ವೈರ್ ಕಟ್ಟಿದ್ರೆ ಇನ್ನೂ ಸ್ಟ್ರಾಂಗು." ಇದಕ್ಕೆ ಏನು ಹೇಳೋದು. ಬೈಂಡಿಂಗ್ ವೈರ್ ಒಂದಷ್ಟು ಸಲ ಎಳೆದ್ರೆ ಸಡಿಲ ಆಗುತ್ತೆ, ಒಂದು ಲಾಚ್ ಅರ್ಧ ತೆರೆದು ನಿಲ್ಲುತ್ತೆ. ಲೋಡ್ ಒರಗಿದ ಬಾಗಿಲು ಒಂದೇ ಲಾಚ್ ಮೇಲೆ ನಿಂತಿರುತ್ತೆ. ಹಿಂದೆ ಬೈಕಲ್ಲಿ ಬರೋನು ಏನು ಪಾಪ ಮಾಡಿದ್ದ?

ಕೊನೆಗೆ, "ಕವರ್ ಬಿಚ್ಚಿದ್ದೀರಿ, ಇನ್ನು ವಾಪಸ್ ಇಲ್ಲ." ಬಿಚ್ಚದೆ ಒಳಗೆ ಏನಿದೆ ಅಂತ ಹೇಗೆ ನೋಡೋದು? ಬಿಚ್ಚಿದ್ರೆ ವಾಪಸ್ ಇಲ್ಲ! ಈ ಒಂದು ಮಾತಿಗೇ ಈಗಲೂ ಮೈ ಉರಿಯುತ್ತೆ.

ಈಗ ತಗೊಳ್ಳೋರಿಗೆ. ಕೆಳಗಿನ ಅಂಚು, ಕವರ್ ತೆಗೆದ ಒಳಭಾಗ, ಎರಡು ಲಾಚ್, ಹಿಂಜ್ ತುದಿ, ಇಷ್ಟರ ಫೋಟೋ ಬರದೆ ದುಡ್ಡು ಕಳಿಸಬೇಡಿ. ಲಾಚ್‌ನ ಬಾಯಿ ತೆರೆದು-ಮುಚ್ಚೋ ವಿಡಿಯೋ ಕೇಳಿ. ಕೈಗೆ ಸಿಕ್ಕಾಗ ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಿರಿ, 3 ಮಿ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಇದ್ರೆ ಡೋರ್ ಓರೆಯಾಗಿದೆ. ತಿರುಚಿದೆಯಾ ಅಂತ ನೋಡೋಕೆ ಎರಡು ದಾರವನ್ನ ಮೂಲೆಯಿಂದ ಮೂಲೆಗೆ ಬಿಗಿಯಾಗಿ ಅಡ್ಡಡ್ಡ ಕಟ್ಟಿ. ನಡುವೆ ದಾರಗಳು ಮುಟ್ಟಿಯೂ ಮುಟ್ಟದ ಹಾಗಿರಬೇಕು. ನಡುವೆ ಅಂತರ ಇದ್ರೆ, ಇಲ್ಲಾ ಒಂದು ದಾರ ಇನ್ನೊಂದನ್ನ ಒತ್ತಿದ್ರೆ ತಿರುಚಿದೆ ಅಂತಲೇ. ತಿರುಚಿದ್ದನ್ನ ಸ್ಟ್ರೈಕರ್ ಜರುಗಿಸಿ ಸರಿ ಮಾಡ್ತೀನಿ ಅಂತಾರೆ, ಆಗಲ್ಲ. ಸ್ಟ್ರೈಕರ್ ಇರೋದು ಲಾಚ್ ಕೂರಿಸೋಕೆ, ಸೊಟ್ಟ ಡೋರ್ ನೆಟ್ಟಗೆ ಮಾಡೋಕಲ್ಲ.

ವೇರಿಯಂಟ್ ವಿಷಯದಲ್ಲಿ "ಎಲ್ಲಾ ಮಾಡೆಲ್‌ಗೂ ಒಂದೇ" ಅನ್ನೋರನ್ನ ಅಲ್ಲೇ ಬಿಡಿ. ಫೇಸ್‌ಲಿಫ್ಟ್ ಆದಾಗ (ಅದೇ ಮಾಡೆಲ್‌ಗೆ ಕಂಪನಿ ಹೊಸ ರೂಪ ಕೊಟ್ಟಾಗ) ಹ್ಯಾಂಡಲ್ ಜಾಗ ಬದಲಾಗಿರಬಹುದು, ಕ್ಯಾಮೆರಾ ಕಿಂಡಿ, ಸೆಂಟ್ರಲ್ ಲಾಕ್ ಮೋಟರ್, ನಿಧಾನಕ್ಕೆ ಇಳಿಸೋ ಡ್ಯಾಂಪರ್‌ನ ಬೋಲ್ಟ್ ತೂತು, ಎಲ್ಲದರಲ್ಲೂ ಫರಕು ಇರುತ್ತೆ. ಎಡ ಲಾಚ್ ಬಲಕ್ಕೆ ಆಗಲ್ಲ, ಕನ್ನಡಿ ಬಿಂಬದ ಹಾಗೆ ತಿರುಗಾಮುರುಗಾ. ಕ್ಲಿಪ್‌ಗಳಲ್ಲೂ ಎಡ-ಬಲ ಇರುತ್ತೆ. ರಾಡ್ ದಪ್ಪ ವರ್ನಿಯರ್‌ನಲ್ಲಿ ಅಳೆದು ಕ್ಲಿಪ್ ತಗೊಳ್ಳಿ. 4 ಮಿ.ಮೀ. ರಾಡ್‌ಗೆ 5ರ ಕ್ಲಿಪ್ ಹಾಕಿದ್ರೆ ಮೊದಲ ಗುಂಡಿಗೇ ರಾಡ್ ಜಾರುತ್ತೆ. ಹ್ಯಾಂಡಲ್, ಕ್ಲಿಪ್, ಬುಷ್ ಎಲ್ಲ ಹೊಸದೇ ಹಾಕಿ, ಅದರಲ್ಲಿ ಉಳಿತಾಯ ಮಾಡಬೇಡಿ.

ಕೇಬಲ್ ಸೆಕೆಂಡ್ ಹ್ಯಾಂಡ್ ಬೇಡವೇ ಬೇಡ. ಪ್ಲಾಸ್ಟಿಕ್ ಕವಚದೊಳಗೆ ಎಳೆಗಳು ತುಕ್ಕು ಹಿಡಿದಿದ್ರೂ ಹೊರಗೆ ಕಾಣಲ್ಲ. 2004ರಲ್ಲಿ ಜನರಲ್ ಮೋಟರ್ಸ್ ಸುಮಾರು 40 ಲಕ್ಷ ಪಿಕಪ್‌ಗಳನ್ನ ವಾಪಸ್ ಕರೆಸಿದ್ದು ಇದೇ ಟೇಲ್‌ಗೇಟ್ ಕೇಬಲ್‌ಗೋಸ್ಕರ. ಸತು ಲೇಪದ ಉಕ್ಕಿನ ಕೇಬಲ್ ತುಕ್ಕು ಹಿಡಿದು, ಬಾಗಿಲ ಮೇಲೆ ಜನ ಕೂತಾಗ ನಿಂತಾಗ ತುಂಡಾಗ್ತಿತ್ತು. ಬದಲಿಗೆ ಸ್ಟೇನ್‌ಲೆಸ್ ಸ್ಟೀಲ್ ಕೇಬಲ್ ಹಾಕಿಕೊಟ್ರು. ದೊಡ್ಡ ಕಂಪನಿ ಗಾಡಿದೇ ಹಾಗಾದ್ರೆ ಗುಜರಿ ಕೇಬಲ್ ಕಥೆ ಕೇಳಬೇಡಿ. ಜೋಡಿಯಾಗಿಯೇ ಬದಲಾಯಿಸಿ. ಒಂದು ಹಳೇದು ಒಂದು ಹೊಸದು ಹಾಕಿದ್ರೆ ಭಾರ ಒಂದೇ ಕಡೆ ಬೀಳುತ್ತೆ.

ಡೋರ್ ಬಿಚ್ಚೋದು ಕಷ್ಟ ಅಲ್ಲ, ಇಬ್ಬರು ಇರಿ. ಕ್ಯಾಮೆರಾ ಇದ್ರೆ ಮೊದಲು ಕನೆಕ್ಟರ್ ಬಿಡಿಸಿ, ಇಲ್ದಿದ್ರೆ ವೈರ್ ಹರಿಯುತ್ತೆ. ಡೋರನ್ನ ಅರ್ಧ ಎತ್ತಿ ಕೇಬಲ್ ಸಡಿಲ ಮಾಡಿ, ಸ್ಪ್ರಿಂಗ್ ಪಟ್ಟಿ ಮೀಟಿ, ಕೇಬಲ್ ಕಿವಿಯನ್ನ ಬೋಲ್ಟ್ ತಲೆಯಿಂದ ಜಾರಿಸಿ ತೆಗೀರಿ. ತುಂಬಾ ಪಿಕಪ್‌ಗಳಲ್ಲಿ ಡೋರ್ ಸುಮಾರು 45 ಡಿಗ್ರಿಯಲ್ಲಿ ಇದ್ದಾಗ ಹಿಂಜ್‌ನ ಒಂದು ಕಡೆ ಮಾತ್ರ ಮೇಲಕ್ಕೆ ಬರುತ್ತೆ. ಅದನ್ನ ಎತ್ತಿ ಆಮೇಲೆ ಇನ್ನೊಂದು ತುದಿಯನ್ನ ಪಕ್ಕಕ್ಕೆ ಎಳೀರಿ. ಕೆಲವದಕ್ಕೆ ಹಿಂಜನ್ನೇ ಬೋಲ್ಟ್ ಹಾಕಿರ್ತಾರೆ, ಒತ್ತಾಯ ಮಾಡೋ ಮೊದಲು ನೋಡ್ಕೊಳ್ಳಿ. ಬೇರೆ ಡೋರ್ ಹಾಕೋವಾಗ ಪೇಂಟ್‌ಗೆ ಕೊಡೋ ಮೊದಲೇ ಒಂದು ಸಲ ಕೂರಿಸಿ ಎರಡೂ ಬದಿ ಗ್ಯಾಪ್ ಸಮ ಇದೆಯಾ ನೋಡಿ. ಪೇಂಟ್ ಬಿದ್ದ ಮೇಲೆ ಯಾವ ಅಂಗಡಿಯವನೂ ಮಾತಾಡಲ್ಲ.

ಮುಚ್ಚೋ ಮೊದಲು ಇದೊಂದು ಮರೀಬೇಡಿ. ಡೋರ್ ತೆರೆದಿರೋವಾಗಲೇ ಎರಡೂ ಲಾಚ್‌ನ ಬಾಯನ್ನ ಸ್ಕ್ರೂಡ್ರೈವರ್‌ನಲ್ಲಿ ಒತ್ತಿ ಲಾಕ್ ಮಾಡಿ, ಆಮೇಲೆ ಹ್ಯಾಂಡಲ್ ಎತ್ತಿ. ಎರಡೂ ಒಟ್ಟಿಗೆ ಟಕ್ ಅಂತ ಬಿಡಬೇಕು. ಒಂದು ಹಿಂದೆ ಬಿದ್ರೂ ಡೋರ್ ಮುಚ್ಚಬೇಡಿ. ಮುಚ್ಚಿ ಸಿಕ್ಕಿಬಿದ್ರೆ ಲೋಡ್ ಬಾಡಿ ಒಳಗೆ ಕೂತು, ಲೈನರ್ ಕಿತ್ತು, ಕವರ್ ಬಿಚ್ಚಿ ರಾಡನ್ನ ಕೈಯಲ್ಲಿ ಎಳೀಬೇಕಾಗುತ್ತೆ.

ನಮ್ಮ ಜಗಳ ಹೇಗೆ ಮುಗೀತು ಅಂದ್ರೆ, ಚಾಟ್‌ನ ಸ್ಕ್ರೀನ್‌ಶಾಟ್ ಮೊದಲೇ ಇಟ್ಟುಕೊಂಡಿದ್ದಕ್ಕೆ ಅರ್ಧ ದುಡ್ಡು ವಾಪಸ್ ಬಂತು, ಡೋರ್ ಕಳಿಸೋ ಖರ್ಚು ನಮ್ಮ ತಲೆಗೇ. "ಸಾಮಾನ್ಯವಾಗಿ ಇದನ್ನೂ ಕೊಡಲ್ಲ ಸಾರ್, ನೀವು ಗಲಾಟೆ ಮಾಡಿದ್ರಿ ಅಂತ ಕೊಟ್ಟಿದ್ದು." ಅದೇ ಡೋರ್ ಈಗ ಇನ್ನೊಂದು ಕೋಟ್ ಪ್ರೈಮರ್ ಹೊಡೆಸ್ಕೊಂಡು ಮತ್ತೆ ಮಾರಾಟಕ್ಕೆ ಬಂದಿದೆ, "ಒಂದು ಡೆಂಟ್ ಇಲ್ಲ" ಅಂತಲೇ. ಗುರುತು ಬೇಕಿದ್ರೆ ಎಡ ಮೂಲೆಯ ನೀರಿನ ತೂತು ಮುಚ್ಚಿದೆ, ಲಾಕ್ ಸಿಲಿಂಡರ್ ತೂತು ಖಾಲಿ, ಹ್ಯಾಂಡಲ್ ಎತ್ತಿದ್ರೆ ಎಡ ಲಾಚ್ ತಡವಾಗಿ ಬಿಡುತ್ತೆ. ಕವರ್ ಬಿಚ್ಚಿ ತೋರಿಸಿ ಅಂತ ಕೇಳಿ, ಏನಂತಾರೆ ನೋಡಿ.