ರಸ್ತೆಗೂ ನೀರಿಗೂ ಒಂದೇ ಜಿಪಿಎಸ್ ಅಂದರೆ ನಂಬಬೇಡಿ: ಚೋರಾವ್ ಕೆಸರಲ್ಲಿ ಮೂರು ಗಂಟೆ ಕೂತವನ ಮಾತು

ಹೋದ ವಾರ ಬೆಳಗಾವಿಯಿಂದ ನನ್ನ ಸೋದರಮಾವನ ಮಗ ಫೋನ್ ಮಾಡಿದ್ದ. ಕಾರಿಗೂ ಆಗುತ್ತೆ, ದೋಣಿಗೂ ಆಗುತ್ತೆ ಅನ್ನುವ ಒಂದು ಜಿಪಿಎಸ್ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗ್ತಾ ಇದೆ, ಗೋವಾದಲ್ಲೇ ಇರೋದು, ನೀನು ಹೋಗಿ ನೋಡಿ ತರ್ತೀಯಾ ಅಂತ. "ಬ್ಯಾಡಪಾ ತಮ್ಮಾ, ಆ ತಪ್ಪು ನಾ ಆಗಲೇ ಮಾಡೇನಿ" ಅಂದೆ. ಅವನಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲೂ ಬರೆಯುತ್ತಿದ್ದೇನೆ. ಇನ್ಯಾರಾದರೂ 14,500 ರೂಪಾಯಿ ಕಳ್ಕೊಳ್ಳೋದು ತಪ್ಪಲಿ.

ನಾನು ವಾಸ್ಕೋದಲ್ಲಿ 11 ವರ್ಷದಿಂದ ಟೂರಿಸ್ಟ್ ಕಾರು ಓಡಿಸುತ್ತಿದ್ದೇನೆ. ಹುಬ್ಬಳ್ಳಿ, ಧಾರವಾಡ, ಗದಗ ಕಡೆಯ ಗಿರಾಕಿಗಳೇ ಜಾಸ್ತಿ. ಬಂದವರಿಗೆ ಬೀಚ್ ಸಾಕಾದ ಮೇಲೆ ಮಾಂಡವಿಯಲ್ಲಿ ದೋಣಿ, ಹಕ್ಕಿ, ಗಾಳ ಹಾಕೋದು ಇದೆಲ್ಲ ಬೇಕಾಗುತ್ತದೆ. ಅದಕ್ಕೆ ರಿಬಂದರ್‌ನಲ್ಲಿ ಒಬ್ಬ ತಾಂಡೇಲ, ಅಂದರೆ ದೋಣಿ ನಡೆಸುವವ, ಇದ್ದಾನೆ, ನನ್ನ ಹಳೇ ದೋಸ್ತ್, ಲೈಸೆನ್ಸ್ ಇರುವ ದೋಣಿ. ನಾನೂ ಜೊತೆಗೆ ಹತ್ತಿಕೊಂಡು ಕನ್ನಡದಲ್ಲಿ ಹೇಳ್ತಾ ಹೋಗ್ತೀನಿ. (ನಮ್ಮ ಮಹದಾಯಿನೇ ಇಲ್ಲಿ ಮಾಂಡವಿ ಅಂದರೆ ಗಿರಾಕಿಗಳಿಗೆ ಒಂಥರಾ ಖುಷಿ. ಅಲ್ಲಿಂದ ಮಾತು ರಾಜಕೀಯಕ್ಕೆ ತಿರುಗಿದರೆ ಮಾತ್ರ ಕಷ್ಟ.)

ಫೋನ್ ಇರುವಾಗ ಬೇರೆ ಜಿಪಿಎಸ್ ಯಾಕೆ ಅಂತ ಕೇಳಬಹುದು. ಏಪ್ರಿಲ್ ಬಿಸಿಲಲ್ಲಿ ಡ್ಯಾಶ್‌ಬೋರ್ಡ್ ಮೇಲೆ ಫೋನ್ ಇಟ್ಟು ನೋಡಿ, ಅರ್ಧ ಗಂಟೆಗೆ ಕಾದು ಬಂದ್ ಆಗುತ್ತೆ. ಅನಮೋಡ ಘಾಟಿನಲ್ಲಿ ಸಿಗ್ನಲ್ ಇರಲ್ಲ. ದಾರಿ ನೋಡ್ತಾ ಇರುವಾಗಲೇ ಹೆಂಡತಿ ಫೋನ್ ಬರುತ್ತೆ. ದೋಣಿಯಲ್ಲಿ ಒದ್ದೆ ಕೈ ಬೇರೆ. ಅದಕ್ಕೇ ಒಂದು ಗಟ್ಟಿ ಡಬ್ಬಿ ಇದ್ದರೆ ಒಳ್ಳೇದು ಅನ್ನಿಸಿತ್ತು. ಆ ಯೋಚನೆ ಈಗಲೂ ತಪ್ಪು ಅಂತ ಅನ್ನಿಸಲ್ಲ. ತಗೊಂಡ ರೀತಿ ತಪ್ಪು.

2024ರ ನವೆಂಬರ್‌ನಲ್ಲಿ ಮಾಪುಸಾ ಕಡೆ ಒಂದು ಅಂಗಡಿಯಲ್ಲಿ ಸಿಕ್ಕಿತು. ಅಂಗಡಿ ಹೆಸರು ಬರೆಯಲ್ಲ, ಬಿಡಿ. ಹಡಗಿನಲ್ಲಿ ಕೆಲಸ ಮಾಡೋರು ಯಾರೋ ತಂದು ಮಾರಿದ್ದಂತೆ. ದಪ್ಪ ರಬ್ಬರ್ ಅಂಚು, ನೀರು ಹೋಗಲ್ಲ ಅಂತ ಹಿಂದೆ ಐಪಿಎಕ್ಸ್7 ಗುರುತು, ಮೆನುವಿನಲ್ಲಿ ಕಾರಿನ ಚಿತ್ರದ ಪಕ್ಕದಲ್ಲೇ ದೋಣಿಯ ಚಿತ್ರ, ಜೊತೆಗೆ "ಇದರಲ್ಲಿ ಸಮುದ್ರದ ಮ್ಯಾಪ್ ಇದೆ" ಅಂತ ಒಂದು ಚಿಕ್ಕ ಕಾರ್ಡ್. ಅಂಗಡಿಯವನು ಕೌಂಟರ್ ಮೇಲೆಯೇ ಆನ್ ಮಾಡಿ ತೋರಿಸಿದ. ಒಳಗೆ ಉಪಗ್ರಹ ಸಿಗಲ್ಲ ಅಣ್ಣಾ, ಹೊರಗೆ ಹೋದರೆ ತಾನೇ ಹಿಡಿಯುತ್ತೆ ಅಂದ. ನಾನು ಹೊರಗೆ ಹೋಗಿ ನೋಡಲಿಲ್ಲ. ಹತ್ತು ಹೆಜ್ಜೆ ಹೊರಗೆ ಇಟ್ಟಿದ್ದರೆ ಈ ಬರಹವೇ ಇರ್ತಿರಲಿಲ್ಲ.

ಮೊದಲು ಪೆಟ್ಟು ಬಿದ್ದದ್ದು ರಸ್ತೆಯಲ್ಲಿ. ಹೊಸ ಜುವಾರಿ ಸೇತುವೆ ಮೇಲೆ ಹೋಗ್ತಾ ಇದ್ದರೆ ಪರದೆ ಮೇಲೆ ನನ್ನ ಕಾರು ನದಿಯಲ್ಲಿ ಈಜ್ತಾ ಇತ್ತು. ಆ ಸೇತುವೆಯ ಮೊದಲ ಭಾಗ ತೆರೆದದ್ದು 2022ರ ಡಿಸೆಂಬರ್‌ನಲ್ಲಿ, ನನ್ನ ಡಬ್ಬಿಯೊಳಗಿನ ಮ್ಯಾಪ್ ಅದಕ್ಕಿಂತ ಎಷ್ಟೋ ಹಿಂದಿನದು. ಪಣಜಿಯ ಅಟಲ್ ಸೇತು 2019ರದ್ದು, ಅದೂ ಇಲ್ಲ. ಏರ್‌ಪೋರ್ಟ್ ಅಂತ ಹುಡುಕಿದರೆ ದಾಬೋಲಿಂ ಒಂದೇ, ಮೋಪಾ ಅನ್ನೋದು ಆ ಡಬ್ಬಿಯ ಪ್ರಪಂಚದಲ್ಲೇ ಇಲ್ಲ. ಹೊಸ ಮ್ಯಾಪ್ ಹಾಕೋಣ ಅಂದರೆ ಅದರ ಮೆಮೊರಿ 2 ಜಿಬಿ, ಹೊಸದು ಹಿಡಿಯಲ್ಲ. "ಲೈಫ್‌ಟೈಮ್ ಮ್ಯಾಪ್" ಅಂತ ಪೆಟ್ಟಿಗೆ ಮೇಲೆ ದಪ್ಪಕ್ಷರದಲ್ಲಿತ್ತು. ಅದು ಯಂತ್ರದ ಆಯಸ್ಸು, ನಮ್ಮದಲ್ಲ. ಕಂಪನಿ ಆ ಮಾಡೆಲ್ ಕೈಬಿಟ್ಟರೆ ಲೈಫ್‌ಟೈಮ್ ಮುಗೀತು. ಇರಲಿ, ಗೋವಾದ ರಸ್ತೆ ನನಗೆ ಬಾಯಿಪಾಠ, ದೋಣಿಗಾದರೂ ಆಗುತ್ತಲ್ಲ ಅಂದುಕೊಂಡೆ.

2025ರ ಜನವರಿ 18, ಶನಿವಾರ. ಧಾರವಾಡದಿಂದ ರಿಟೈರ್ ಆದ ಮಾಸ್ತರು ಮತ್ತು ಅವರ ಮನೆಯವರು ಬಂದಿದ್ದರು. ಆಕೆಯೂ ಕನ್ನಡ ಶಾಲೆಯಲ್ಲಿ ಕಲಿಸಿದವರು, ಹಂಗಾಗಿ ಎಲ್ಲರಿಗೂ ಅಕ್ಕೋರು. ಇಬ್ಬರಿಗೂ ಹಕ್ಕಿಯ ಹುಚ್ಚು. ರಿಬಂದರ್‌ನಿಂದ ಎದುರು ದಡದ ಚೋರಾವ್‌ಗೆ ಹೋಗಿ ಸಲೀಂ ಅಲಿ ಪಕ್ಷಿಧಾಮದ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಒಂದು ಸುತ್ತು ಅಂತ ಮಾತಾಗಿತ್ತು. ಅಲ್ಲಿನ ಸಣ್ಣ ಕಾಲುವೆಗಳಿಗೆ ದೋಣಿ ನುಗ್ಗಬೇಕು ಅಂದರೆ ಭರತಿ ಇರಬೇಕು, ಇಳಿತದಲ್ಲಿ ಬರೀ ಕೆಸರು.

ನನ್ನ ಡಬ್ಬಿಯಲ್ಲಿ ಭರತಿ ಇಳಿತದ ಪುಟವೂ ಇತ್ತು. ಹಿಂದಿನ ರಾತ್ರಿ ನೋಡಿದೆ. ಬೆಳಿಗ್ಗೆ ಸುಮಾರು 9:30ಕ್ಕೆ ಪೂರ್ತಿ ಭರತಿ. ಅಂದರೆ 6:45ಕ್ಕೆ ಹೊರಟರೆ ನೀರು ಏರ್ತಾ ಇರುತ್ತೆ, ಭೇಷ್.

ಜೆಟ್ಟಿಗೆ ಬಂದರೆ ದಟ್ಟ ಮಂಜು. ಫೆರಿ ಬೋಟ್‌ನ ದೀಪ ಕಾಣ್ತಿರಲಿಲ್ಲ, ಎಂಜಿನ್ ಸದ್ದು ಮಾತ್ರ ಕೇಳ್ತಿತ್ತು. ತಾಂಡೇಲ ಜೆಟ್ಟಿಯ ಕಲ್ಲಿಗೆ ಹತ್ತಿದ ಒದ್ದೆ ಗೆರೆ ನೋಡಿದ. ನೀರು ಅದಕ್ಕಿಂತ ಒಂದು ಮೊಳ ಕೆಳಗಿತ್ತು. "ಪಾತ್ರಾಂವ್, ಸುಕ್ತಿ" ಅಂದ. ಕೊಂಕಣಿಯಲ್ಲಿ ಪಾತ್ರಾಂವ್ ಅಂದರೆ ಧಣಿ, ಸುಕ್ತಿ ಅಂದರೆ ಇಳಿತ. ನಾನು ಡಬ್ಬಿ ಅವನ ಮೂಗಿನ ಹತ್ತಿರ ಹಿಡಿದು ನೋಡು, ಒಂಬತ್ತೂವರೆಗೆ ಭರತಿ ಅಂತ ಬರೆದಿದೆ, ಇದು ಉಪಗ್ರಹದಿಂದ ಬರೋದು ಅಂದೆ. ಅವನು ಭುಜ ಕುಣಿಸಿ ಎಂಜಿನ್ ಹಗ್ಗ ಎಳೆದ. ಅವನ ನದಿಯಲ್ಲಿ ಅವನಿಗೇ ಬುದ್ಧಿ ಹೇಳಿದ್ದೆ. ಈ ಪೂರಾ ಕಥೆಯಲ್ಲಿ ನನಗೆ ಈಗಲೂ ನಾಚಿಕೆ ಆಗೋದು ಇದೊಂದಕ್ಕೆ.

ಇನ್ನೊಂದು ಸೂಚನೆಯೂ ಕಣ್ಣೆದುರೇ ಇತ್ತು. ಬೆಳಿಗ್ಗೆ ಆರಕ್ಕೇ ಪರದೆ ರಾತ್ರಿಯ ಕಪ್ಪಿನಿಂದ ಹಗಲಿನ ಬಿಳಿ ಬಣ್ಣಕ್ಕೆ ತಾನಾಗಿಯೇ ಬದಲಾಯಿತು. ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟೋದು ಏಳು ದಾಟಿದ ಮೇಲೆ. ಕಣ್ಣಿಗೆ ಹೊಡೀತಿತ್ತು, ಬೈಕೊಂಡು ಬೆಳಕು ಕಮ್ಮಿ ಮಾಡಿದೆ, ಯಾಕೆ ಹೀಗಾಯಿತು ಅಂತ ಯೋಚಿಸಲಿಲ್ಲ.

ಮಂಜಿನಲ್ಲಿ ನಿಧಾನಕ್ಕೆ ಹೋದೆವು. ಪರದೆ ನೋಡಿದರೆ ನಮ್ಮ ದೋಣಿ ಫೆರಿ ಹೋಗುವ ಗೆರೆಯ ಮೇಲೆ ನೇರವಾಗಿ ಕೂತಿದೆ, ಇನ್ನೂ ನಡುನೀರು. ಅಕ್ಕೋರು ಬಗ್ಗಿ ನೋಡಿ ಕೇಳಿದರು, "ಏನಪಾ, ನಾವು ಎತ್ತಾಗರ ಹೊಂಟರೂ ನಿನ್ನ ಯಂತ್ರ ಆ ಗೀಟು ಬಿಟ್ಟು ಸರಿಯವಲ್ಲದಲ್ಲ?" ಇಲ್ಲ ಅಕ್ಕೋರೆ, ಇನ್ನೂ ದಡ ದೂರ ಇದೆ ಅಂದೆ. ಅಂದು ಒಂದು ನಿಮಿಷ ಆಗಿರಲಿಲ್ಲ, ಅಡಿಯಲ್ಲಿ ಮೆತ್ತಗೆ ಸರ್‌ರ್ ಅಂತ ಸದ್ದು ಬಂತು. ತಾಂಡೇಲ ಎಂಜಿನ್ ಎತ್ತುವಷ್ಟರಲ್ಲಿ ಫ್ಯಾನ್ ಕೆಸರು ಕಲಸಿತ್ತು. ಗಳ ಹಾಕಿ ತಳ್ಳಿದ. ಗಳವೇ ಅರ್ಧ ಒಳಗೆ ಹೋಯಿತು. ಸಮಯ ಏಳೂವರೆ.

ಆಗ ಡಬ್ಬಿ ಮಾತಾಡಿತು. "ಫೆರಿಯಿಂದ ಇಳಿದು ಎಡಕ್ಕೆ ತಿರುಗಿ" ಅಂತ, ಇಂಗ್ಲಿಷಿನಲ್ಲಿ, ಬಹಳ ಸಮಾಧಾನದಿಂದ.

ಇಳಿಯೋದೆಲ್ಲಿಂದ. ತೊಡೆವರೆಗೆ ಹೂತು ಹೋಗುವ ಕೆಸರು, ಮೇಲೆ ಈ ಕಡೆ ನೀರಿನಲ್ಲಿ ಮೊಸಳೆ ಇವೆ. ಕುಂಭಾರ್ಜುವಾ ಕಾಲುವೆಯಲ್ಲಿ ಮೊಸಳೆ ತೋರಿಸೋಕೇ ಟೂರಿಸ್ಟ್ ದೋಣಿ ಹೋಗ್ತವೆ. ಕೂತೆವು. ಮಂಜು ಕರಗಿದ ಮೇಲೆ ನೋಡಿದರೆ ಸುತ್ತ ನೀರೇ ಇಲ್ಲ, ಜೆಟ್ಟಿ ಕೂಗಿದರೆ ಕೇಳುವಷ್ಟು ಹತ್ತಿರ, ಫೆರಿಯಲ್ಲಿ ಹೋಗೋ ಜನ ಮೊಬೈಲ್ ತೆಗೆದು ನಮ್ಮ ಫೋಟೋ ಹೊಡೀತಿದ್ದರು. ನೀರು ಬಂದು ದೋಣಿ ಎದ್ದದ್ದು ಹತ್ತು ಮುಕ್ಕಾಲಿಗೆ. ಕೆಸರು ಬಿದ್ದಿದ್ದಕ್ಕೆ ಬೆಳ್ಳಕ್ಕಿಗಳು ರಾಶಿ ಇಳಿದಿದ್ದವು. ಮಾಸ್ತರು ದುರ್ಬೀನು ಕೆಳಗಿಡಲೇ ಇಲ್ಲ, "ಛಲೋ ಆತು ಬಿಡಪಾ" ಅಂತಲೇ ಇದ್ದರು. ಅಕ್ಕೋರ ಮುಖ ಬೇರೆ ಇತ್ತು. ಅವರ ಮಧ್ಯಾಹ್ನದ ಬಸ್ಸು ತಪ್ಪಿತು. ದೋಣಿ ಬಾಡಿಗೆ ನಾನೇ ಕೊಟ್ಟೆ, ಕಾರಿನ ದುಡ್ಡೂ ಬಿಟ್ಟೆ.

ಮನೆಗೆ ಬಂದು ಸಿಟ್ಟಿನಲ್ಲಿ ಒಂದೊಂದೇ ಮೆನು ತೆಗೆದು ನೋಡಿದೆ. ಎಲ್ಲೋ ಒಳಗೆ ಮೂರನೇ ಪುಟದಲ್ಲಿ ತಾರೀಖು ಇತ್ತು. 2005ರ ಜೂನ್ 4! ಶನಿವಾರ ಅಂತೂ ಸರಿಯಾಗೇ ಇತ್ತು.

ಇದರ ಹಿಂದೆ ಒಂದು ಲೆಕ್ಕ ಇದೆ, ಹಳೇ ಜಿಪಿಎಸ್ ತಗೊಳ್ಳೋರು ತಿಳ್ಕೊಳ್ಳಲೇಬೇಕು. ಜಿಪಿಎಸ್ ಉಪಗ್ರಹಗಳು ಹಳೇ ಪದ್ಧತಿಯಲ್ಲಿ ಇಸವಿ ಕಳಿಸಲ್ಲ, ವಾರದ ನಂಬರ್ ಕಳಿಸುತ್ತವೆ. 1980ರ ಜನವರಿ 6ರಿಂದ ಶುರು, 0ಯಿಂದ 1023ರವರೆಗೆ ಎಣಿಸಿ ಮತ್ತೆ 0. ಕಾರಿನ ಮೀಟರ್ ಸುತ್ತಿ ಸೊನ್ನೆಗೆ ಬಂದ ಹಾಗೆ. 1999ರ ಆಗಸ್ಟ್‌ನಲ್ಲಿ ಒಮ್ಮೆ ಹಾಗಾಯಿತು, 2019ರ ಏಪ್ರಿಲ್ 6ರ ರಾತ್ರಿ ಎರಡನೇ ಸಲ. ಯಾವ ಸುತ್ತು ಅಂತ ಗೊತ್ತಾಗದ ಹಳೇ ಯಂತ್ರ 1024 ವಾರ ಹಿಂದಕ್ಕೆ ಹೋಗಿ ಕೂರುತ್ತದೆ, ಹತ್ತಿರ ಹತ್ತಿರ 19 ವರ್ಷ 7 ತಿಂಗಳು. ಜಾಗ ಸರಿಯಾಗೇ ತೋರಿಸುತ್ತೆ, ಗಂಟೆ ನಿಮಿಷವೂ ಸರಿ, ಅದಕ್ಕೇ ಅನುಮಾನ ಬರಲ್ಲ. ಆದರೆ ಸೂರ್ಯೋದಯ, ಭರತಿ, ಇಳಿತ ಎಲ್ಲ ತಾರೀಖಿನ ಮೇಲೆ ಹಾಕುವ ಲೆಕ್ಕ, ಉಪಗ್ರಹದಿಂದ ಬರೋದಲ್ಲ. ಭರತಿಯಿಂದ ಭರತಿಗೆ ಸರಾಸರಿ 12 ಗಂಟೆ 25 ನಿಮಿಷ 14 ಸೆಕೆಂಡ್. 1024 ವಾರವನ್ನು ಅದರಿಂದ ಭಾಗಿಸಿ ನೋಡಿ, 13,850 ಸುತ್ತು ಮುಗಿದು ಇನ್ನೂ ಅರ್ಧ ಸುತ್ತಿನಷ್ಟು ಉಳಿಯುತ್ತೆ. ಆ ಅರ್ಧ ಸುತ್ತೇ ನಮ್ಮನ್ನು ಕೆಸರಿಗೆ ಹಾಕಿದ್ದು. ಡಬ್ಬಿ ಭರತಿ ಅಂದ ಹೊತ್ತಿಗೆ ನದಿಯಲ್ಲಿ ಇಳಿತ.

ಇನ್ನು ಆ ಫೆರಿ ಗೆರೆ. ಕಾರಿಗಾಗಿ ಮಾಡಿದ ಜಿಪಿಎಸ್ ನಿಮ್ಮನ್ನು ಹತ್ತಿರದ ರಸ್ತೆಗೆ ಅಂಟಿಸಿಯೇ ತೋರಿಸುತ್ತದೆ. ಹಾಗೆ ಮಾಡದಿದ್ದರೆ ಕಾರು ಹೊಲದಲ್ಲಿ, ಯಾರದ್ದೋ ಮನೆ ಮೇಲೆ ಹೋದಂತೆ ಕಾಣುತ್ತಲ್ವಾ. ರಸ್ತೆಯಲ್ಲಿ ಅದು ಅನುಕೂಲವೇ. ಆದರೆ ರಸ್ತೆ ಮ್ಯಾಪ್‌ಗೆ ಫೆರಿಯೂ ಒಂದು ರಸ್ತೆ. ನಾನು ದೋಣಿಯ ಚಿತ್ರ ಒತ್ತಿದಾಗ ಬದಲಾಗಿದ್ದು ಚಿತ್ರ ಮಾತ್ರ, ಅಂಟಿಸುವ ಸೆಟ್ಟಿಂಗ್ ಬೇರೆ ಮೆನುವಿನಲ್ಲಿ ಆನ್ ಆಗೇ ಇತ್ತು.

ಸಮುದ್ರದ ಮ್ಯಾಪ್ ಕಾರ್ಡ್ ಇತ್ತಲ್ಲ? ಅದರಲ್ಲಿ ಇದ್ದದ್ದು ನಾರ್ವೆಯ ಕರಾವಳಿ. ಅಲ್ಲಿನ ಒಂದೊಂದು ಕೊಲ್ಲಿಯ ಆಳವೂ ಮೀಟರಿನಲ್ಲಿ ಇದೆ. ನಮ್ಮ ಮಾಂಡವಿ ಮಾತ್ರ ದಡದಿಂದ ದಡಕ್ಕೆ ಒಂದೇ ನೀಲಿ ಬಣ್ಣ, ಒಂದು ಅಂಕಿಯೂ ಇಲ್ಲ. ನೀಲಿ ಇದ್ದಲ್ಲೆಲ್ಲ ನೀರು ಇದೆ ಅಂತ ನಾವು ಅಂದುಕೊಳ್ತೀವಿ. ಮ್ಯಾಪ್ ಮಾಡಿದವನಿಗೆ ಅದು ರಸ್ತೆ ಇಲ್ಲದ ಜಾಗ, ಅಷ್ಟೇ.

ಬ್ಯಾಟರಿ ಕಥೆ ಚಿಕ್ಕದು. ಕೆಸರಿನಲ್ಲಿ ಕೂತ ಸ್ವಲ್ಪ ಹೊತ್ತಿಗೇ ಸತ್ತಿತು. ಇಂಥವು ಕಾರಿನ ಚಾರ್ಜರ್‌ಗೆ ಚುಚ್ಚಿಕೊಂಡೇ ಬದುಕೋ ಜಾತಿ, ದೋಣಿಯಲ್ಲಿ ಚುಚ್ಚೋದೆಲ್ಲಿ? ಐಪಿಎಕ್ಸ್7 ಅಂದರೆ ಒಂದು ಮೀಟರ್ ಸಿಹಿನೀರಿನಲ್ಲಿ 30 ನಿಮಿಷ, ಅದೂ ಹೊಸದಿರುವಾಗ, ಚಾರ್ಜಿಂಗ್ ತೂತಿನ ರಬ್ಬರ್ ಮುಚ್ಚಳ ಸರಿ ಇರುವಾಗ. ನನ್ನದರ ಮುಚ್ಚಳ ಒಣಗಿ ಬಿರುಕು ಬಿಟ್ಟಿತ್ತು. ನೀರು ಹೋಗಲ್ಲ ಅಂದರೆ ತೇಲುತ್ತೆ ಅಂತಲೂ ಅಲ್ಲ, ಹಗ್ಗ ಕಟ್ಟದಿದ್ದರೆ ಮಾಂಡವಿಗೆ ಅರ್ಪಣೆ.

ಅಂಗಡಿಯವನ ಹತ್ತಿರ ವಾಪಸ್ ತಗೊಂಡು ಹೋದೆ. "ಲೊಕೇಶನ್ ಸರಿ ತೋರಿಸ್ತಾ ಇದೆಯಲ್ಲ ಅಣ್ಣಾ, ಮತ್ತೇನು?" ಅಂದ. ಬಿಲ್ಲಿನಲ್ಲಿ ಬರೆದದ್ದು "ಜಿಪಿಎಸ್ 1" ಅಂತ ಅಷ್ಟೇ. ವಾದ ಮಾಡೋಕೆ ಕಾಗದವೇ ಇಲ್ಲ.

ನೀವು ತಗೊಳ್ಳೋದೇ ಆದರೆ ಅಂಗಡಿಯಿಂದ ಹೊರಗೆ, ಬಯಲಿಗೆ ತಗೊಂಡು ಬನ್ನಿ. ವರ್ಷಗಟ್ಟಲೆ ಮಲಗಿದ್ದ ಯಂತ್ರ ಉಪಗ್ರಹದ ಪಟ್ಟಿ ಪೂರ್ತಿ ಇಳಿಸಿಕೊಳ್ಳೋಕೆ ಹನ್ನೆರಡೂವರೆ ನಿಮಿಷ ಬೇಕು, ಚಹಾ ಕುಡೀತಾ ಕಾಯಿರಿ. ಹಿಡಿದ ಮೇಲೆ ಮೊದಲು ತಾರೀಖು ನೋಡಿ, ಇಸವಿ ಸಮೇತ. ಆಮೇಲೆ ನಿಮಗೆ ಗೊತ್ತಿರುವ ಹೊಸ ಸೇತುವೆ ಹುಡುಕಿ. ಆಮೇಲೆ ನೀವು ಹೋಗುವ ನದಿಯ ಮೇಲೆ ಝೂಮ್ ಮಾಡಿ, ಆಳದ ಅಂಕಿ ಕಾಣಲಿಲ್ಲ ಅಂದರೆ ಅದು ನೀರಿನ ಜಿಪಿಎಸ್ ಅಲ್ಲ, ಅವರು ಏನು ಬೇಕಾದರೂ ಹೇಳಲಿ. ರಸ್ತೆಗೆ ಅಂಟಿಸೋದನ್ನು ಆಫ್ ಮಾಡೋಕೆ ಬರುತ್ತಾ ಕೇಳಿ. ವೈರ್ ಕಿತ್ತು ಅಲ್ಲೇ ಓಡಿಸಿ ನೋಡಿ. ಮಾಡೆಲ್ ನಂಬರ್, ಮ್ಯಾಪ್ ಯಾವ ಪ್ರದೇಶದ್ದು, ಎರಡೂ ಬಿಲ್ಲಿನಲ್ಲಿ ಬರೆಸಿ. ಸರಿಯಾದ ಮ್ಯಾಪ್ ಇದ್ದರೂ ಆಗ್ವಾದ ಹತ್ತಿರ ಮಾಂಡವಿಯ ಬಾಯಲ್ಲಿರುವ ಮರಳು ದಿಬ್ಬ ಮಳೆಗಾಲ ಕಳೆದ ಮೇಲೆ ಅದೇ ಜಾಗದಲ್ಲಿ ಇರಲ್ಲ, ಅದು ದೋಣಿಯವರಿಗೇ ಗೊತ್ತು.

ಇದು ಮಾತ್ರ ಗಂಭೀರ: ಹೊರದೇಶದಿಂದ ಬಂದ ಸೆಕೆಂಡ್ ಹ್ಯಾಂಡ್ ಮಾಲಿನಲ್ಲಿ ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಮಾಡೆಲ್‌ಗಳೂ ಇರ್ತವೆ, ನೋಡೋಕೆ ಮಾಮೂಲಿ ಜಿಪಿಎಸ್ ಥರಾನೇ. ನಮ್ಮ ದೇಶದಲ್ಲಿ ಸರ್ಕಾರದ ಪರವಾನಗಿ ಇಲ್ಲದೆ ಅಂಥದ್ದು ಇಟ್ಟುಕೊಳ್ಳೋದು ಅಪರಾಧ. 2024ರ ಡಿಸೆಂಬರ್‌ನಲ್ಲಿ ದಾಬೋಲಿಂ ಏರ್‌ಪೋರ್ಟ್‌ನಲ್ಲೇ ಅಂಥ ಯಂತ್ರ ಇಟ್ಟುಕೊಂಡಿದ್ದ ವಿದೇಶಿ ಪ್ರವಾಸಿಯ ಮೇಲೆ ಕೇಸ್ ಆಯಿತು. ಸಿಗ್ನಲ್ ಇಲ್ಲದ ಕಡೆಯಿಂದಲೂ ಮೆಸೇಜ್ ಹೋಗುತ್ತೆ ಅಂತ ಯಾರಾದರೂ ಹೊಗಳಿದರೆ ಕೈ ಕೂಡ ಹಚ್ಚಬೇಡಿ.

ಈಗ ಕಾರಿಗೆ ಹಳೇ ಫೋನ್ ಒಂದರಲ್ಲಿ ಆಫ್‌ಲೈನ್ ಮ್ಯಾಪ್ ಹಾಕಿಕೊಂಡು ಎಸಿ ಗಾಳಿ ಬಡಿಯುವ ಜಾಗದಲ್ಲಿ ಸಿಕ್ಕಿಸಿದ್ದೇನೆ. ದೋಣಿಗೆ ಮುರ್ಮುಗೋವಾದ ಭರತಿ ಪಟ್ಟಿ, ಸರ್ವೇ ಆಫ್ ಇಂಡಿಯಾ ಪ್ರತಿ ವರ್ಷ ಹೊರಡಿಸುತ್ತೆ, ಮತ್ತೆ ತಾಂಡೇಲನ ಕಣ್ಣು. ಈಗಲೂ ಹೊರಡುವ ಮೊದಲು ಅವನು ಕೇಳ್ತಾನೆ, "ಪಾತ್ರಾಂವ್, ಇವತ್ತು ಯಾವ ಇಸವಿ?" ಮಾಸ್ತರು ನವೆಂಬರ್‌ನಲ್ಲಿ ಮತ್ತೆ ಬರ್ತಾರಂತೆ. ಅವರಿಗೆ ಇಳಿತದಲ್ಲೇ ಹೋಗಬೇಕಂತೆ, ಬೆಳ್ಳಕ್ಕಿ ಜಾಸ್ತಿ ಸಿಗ್ತವೆ ಅಂತ. ಅಕ್ಕೋರು ಮಾತ್ರ ದಡದ ಮೇಲೇ ಕೂರ್ತೀನಿ ಅಂದಿದ್ದಾರೆ.